ಒಂದು ಡೆಟ್ಮರಮ್ಮ, ಒಂದು ಮೀನು

ವಿಂಕೆಲ್‌ರೋಡೆಯ ಸಂತೆಯಲ್ಲಿ ಆಲ್ವಿನೆ ಡೆಟ್ಮರ್ ಬಾಯಿ ತೆರೆದಳೆಂದರೆ ಸ್ಟೇಷನ್ ಹತ್ತಿರ ಕಟ್ಟಿದ ಗಾಡಿಕುದುರೆಗಳು ಕಿವಿ ನಿಮಿರಿಸುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆಲ್ವಿನೆ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದಳು. ಮೀನು ಮಾರುವವಳಿಗೆ ಗಂಟಲಿಲ್ಲದಿದ್ದರೆ ಇನ್ಯಾರಿಗೆ ಇರಬೇಕು? ಐವತ್ತು ದಾಟಿದ ಹೆಂಗಸು. ಹೆರಿಂಗ್ ಮೀನು ತುಂಬಿದ ಉಪ್ಪುನೀರಿನ ಪೀಪಾಯಿಗೆ ಕೈ ಹಾಕಿ ಹಾಕಿ ಕೆಂಪೇರಿದ ತೋಳು, ಅಗಲ ದವಡೆ, ಮೂಗಿನ ಪಕ್ಕದಲ್ಲಿ ಬಟಾಣಿ ಗಾತ್ರದ ನರಹುಲಿ. ಗಂಡ ಯುದ್ಧಕ್ಕೆ ಹೋದವನು ವಾಪಸು ಬರಲಿಲ್ಲ, ಮಕ್ಕಳಾಗಿರಲಿಲ್ಲ. ಆದರೂ ಊರಿಗೆ ಊರೇ ಅವಳನ್ನು ಡೆಟ್ಮರಮ್ಮ ಎಂದು ಕರೆಯುತ್ತಿತ್ತು. ಅವಳಿಗಿಂತ ವಯಸ್ಸಾದವರೂ ಹಾಗೇ ಕರೆಯುತ್ತಿದ್ದರು.

ಅವಳ ಆಸ್ತಿಯೆಂದರೆ ಸಂತೆಯಲ್ಲಿ ಅವಳು ನಿಲ್ಲುತ್ತಿದ್ದ ಜಾಗ, ಅಷ್ಟೇ. ಚೌಕದ ನಡುವೆ ರೋಲಾಂಡ್ ನಿಂತಿದ್ದ, ಕತ್ತಿ ಹಿಡಿದ ಕಲ್ಲಿನ ಆಳು. ಊರಿಗೆ ಸಂತೆ ನಡೆಸುವ ಹಕ್ಕು ಸಿಕ್ಕ ಕಾಲದಿಂದಲೂ ಅಲ್ಲೇ ನಿಂತು ಮಳೆ ಗಾಳಿಗೆ ಅವನ ಮುಖ ಅರ್ಧ ಸವೆದುಹೋಗಿತ್ತು. ಅವನ ಕಾಲ ಬುಡದ ಜಾಗ ಡೆಟ್ಮರಮ್ಮನಿಗೆ ತಾಯಿಯಿಂದ ಬಂದದ್ದು, ತಾಯಿಗೆ ಅಜ್ಜಿಯಿಂದ. ಯಾವ ಬೀದಿಯಿಂದ ಬಂದವರಿಗೂ ಮೊದಲು ಕಾಣುವುದು ಅದೇ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶನಿವಾರ, ಸಂತೆ ಕೂಡುತ್ತಿತ್ತು. ಆ ಸಂತೆಗೊಂದು ಕಟ್ಟಳೆಯಿತ್ತು: ರೋಲಾಂಡನ ಕಲ್ಲಿನ ಪಾದದ ಮೇಲೆ ಕೈಯಿಟ್ಟು ಕೂಗಿದ ಬೆಲೆಯನ್ನು ಕೂಗಿದವರು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಜಾಗ ಬಿಡಬೇಕು. ಅವಳ ತಾಯಿಯ ಕಾಲದಲ್ಲಿ ಚೀಸ್ ಮಾರುವವನೊಬ್ಬ ಬೆಳಿಗ್ಗೆ ಕೂಗಿ ಮಧ್ಯಾಹ್ನ ಮಾತು ತಿರುಗಿಸಿದ್ದ. ಅವನನ್ನು ಸೇತುವೆಯಾಚೆ, ಚರ್ಮ ಹದಮಾಡುವವರ ಪಕ್ಕಕ್ಕೆ ಅಟ್ಟಿದರು. ಆ ವಾಸನೆಯಲ್ಲಿ ನಿಂತು ಚೀಸ್ ಕೊಳ್ಳುವವರು ಯಾರು? ಬುದ್ಧಿಯಿದ್ದವರು ರೋಲಾಂಡನ ಪಾದದ ತಂಟೆಗೇ ಹೋಗದೆ ಸುಮ್ಮನೆ ಗಾಳಿಗೆ ಕೂಗುತ್ತಿದ್ದರು. ಗಾಳಿಗೆ ಕೂಗಿದ್ದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ.

ಡೆಟ್ಮರಮ್ಮನ ಮುಖ ನೋಟಿನ ಮೇಲೆ ಬಂದದ್ದು ಸಾವಿರದ ಒಂಬೈನೂರ ಇಪ್ಪತ್ತೊಂದನೇ ಇಸವಿಯಲ್ಲಿ. ಬರ್ಲಿನ್ನಿನಿಂದ ಚಿಲ್ಲರೆ ಬರುವುದು ನಿಂತು, ಪ್ರತಿ ಊರೂ ತನಗೆ ಬೇಕಾದ ಸಣ್ಣ ನೋಟನ್ನು ತಾನೇ ಅಚ್ಚು ಹಾಕಿಕೊಳ್ಳುತ್ತಿದ್ದ ಕಾಲ ಅದು. ಪಕ್ಕದ ಊರಿನವರು ತಮ್ಮ ನೋಟಿನ ಮೇಲೆ ಕತ್ತೆಯ ಕಥೆ ಹಾಕಿದ್ದರು, ಅದರಾಚೆಯವರು ದೆವ್ವದ ಕಥೆ. ವಿಂಕೆಲ್‌ರೋಡೆಯವರು ಬಿಟ್ಟಾರೆಯೇ? ಮುನ್ನೂರು ವರ್ಷದ ಹಿಂದೆ ಸ್ವೀಡನ್ನಿನ ದಂಡು ಊರನ್ನು ಮುತ್ತಿದಾಗ ಮೀನು ಮಾರುವ ಹೆಂಗಸೊಬ್ಬಳು ಕೋಟೆಗೋಡೆ ಹತ್ತಿ ದಿನಗಟ್ಟಲೆ ಬಯ್ದಳಂತೆ, ಆ ಬೈಗುಳ ತಾಳಲಾರದೆ ದಂಡು ಡೇರೆ ಕಿತ್ತಿತಂತೆ. ನಿಜವೋ ಸುಳ್ಳೋ, ಊರಿಗೆ ಇದ್ದದ್ದು ಅದೊಂದೇ ಕಥೆ. ಅದನ್ನು ಐವತ್ತು ಫೆನಿಗ್, ಅಂದರೆ ಅರ್ಧ ಮಾರ್ಕಿನ ನೋಟಿಗೆ ಬರೆದುಕೊಡಿ ಎಂದು ಪುರಸಭೆಯವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು ಲುಡೋಲ್ಫ್ ಅವರಿಗೆ ಹೇಳಿದರು. ಒಂದು ಮಾರ್ಕಿನ ನೋಟಿಗೆ ಪುರಸಭೆಯ ಕಟ್ಟಡ. ಕಟ್ಟಡ ಕಣ್ಣೆದುರಿಗೇ ಇತ್ತು, ಮುನ್ನೂರು ವರ್ಷದ ಹಿಂದಿನ ಮುಖವನ್ನು ಮೇಷ್ಟ್ರು ಎಲ್ಲಿಂದ ತರಬೇಕು? ಶನಿವಾರ ಸಂತೆಗೆ ಹೋಗಿ ಅಲ್ಲಿ ಕಂಡದ್ದನ್ನು ಬರೆದುಕೊಂಡು ಬಂದರು.

ನೋಟನ್ನು ಮೊದಲು ತಂದು ತೋರಿಸಿದ್ದು ಪಕ್ಕದಲ್ಲಿ ಆಲೂಗಡ್ಡೆ ಮಾರುವ ಮಿನ್ನಾ ಟೀಲೆ. ಗೆಳತಿ ಎಂದ ಮೇಲೆ ಇಂಥ ಸುದ್ದಿಯನ್ನು ಮೊದಲು ತರುವುದು ಅವಳ ಹಕ್ಕು.

"ಅಯ್ಯಯ್ಯೋ, ನೋಡೇ ಆಲ್ವಿನೆ, ನರಹುಲೀನೂ ಬಿಟ್ಟಿಲ್ಲ ಕಣೇ!"

ಡೆಟ್ಮರಮ್ಮ ಕೈ ಒರೆಸಿಕೊಂಡು ನೋಟನ್ನು ಬೆಳಕಿಗೆ ಹಿಡಿದಳು. ಗೋಡೆಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತ ಹೆಂಗಸು. ಅದೇ ದವಡೆ, ಅದೇ ನರಹುಲಿ, ಬಾಯಿ ಬಾವಿಯಷ್ಟು ತೆರೆದಿದೆ. ಪೀಪಾಯಿಯನ್ನು ಮಿನ್ನಾಳ ವಶಕ್ಕೆ ಬಿಟ್ಟು ಸೀದಾ ಶಾಲೆಗೆ ನಡೆದಳು, ಪಾಠ ನಡೆಯುತ್ತಿದ್ದಂತೆಯೇ ಬಾಗಿಲು ತಳ್ಳಿದಳು.

"ಏನ್ ಮೇಷ್ಟ್ರೇ, ನನ್ ಬಾಯಿ ಇಷ್ಟ್ ದೊಡ್ಡದಾ?"

"ಮುಚ್ಚಿದಾಗ ಹೆಂಗಿರುತ್ತೆ ಅಂತ ನಾನು ನೋಡೇ ಇಲ್ವಲ್ಲಮ್ಮ," ಎಂದರು ಮೇಷ್ಟ್ರು ಕನ್ನಡಕ ಒರೆಸುತ್ತ. "ನೋಡಿದ್ರೆ ಹಂಗೇ ಬರೀತಿದ್ದೆ."

ಇಡೀ ತರಗತಿ ಗೊಳ್ಳೆಂದಿತು. ಡೆಟ್ಮರಮ್ಮನಿಗೂ ನಗು ಉಕ್ಕಿತು, ಆದರೆ ಬಿಟ್ಟುಕೊಡಲಿಲ್ಲ.

"ಆಯ್ತು, ಬರೆದದ್ದು ಬರೆದ್ರಿ. ಆ ಪುರಸಭೆ ಕಟ್ಟಡಕ್ಕೆ ಒಂದು ಮಾರ್ಕು, ನನಗೆ ಬರೀ ಐವತ್ತು ಫೆನಿಗ್ಗಾ? ಮಳೆ ಬಂದ್ರೆ ಸೋರೋ ಕಟ್ಟಡ ಅದು. ಅದಕ್ಕಿಂತ ನಾನು ಕಡಿಮೆ ಆಗ್ಹೋದ್ನಾ?"

ಉತ್ತರಕ್ಕೆ ಕಾಯದೆ ಬಂದುಬಿಟ್ಟಳು. ಮನೆಗೆ ಹೋದ ಮೇಲೆ ಒಂದು ನೋಟನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ, ಅದನ್ನೂ ತನ್ನನ್ನೂ ಬಹಳ ಹೊತ್ತು ನೋಡಿಕೊಂಡಳು. ಒಳಗೊಳಗೇ ಖುಷಿಯಾಗಿತ್ತು. ಆ ಊರಿನಲ್ಲಿ ಇನ್ಯಾರ ಮುಖ ಅಚ್ಚಾಗಿತ್ತು? ಯುದ್ಧ ಸೋತ ಚಕ್ರವರ್ತಿಯ ಮುಖವನ್ನೇ ಎಲ್ಲ ಕಡೆಯಿಂದ ಇಳಿಸಿಯಾಗಿತ್ತು.

ಇಪ್ಪತ್ಮೂರರ ಹೊತ್ತಿಗೆ ದುಡ್ಡಿಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಒಂದು ಬೆಲೆ, ಮಧ್ಯಾಹ್ನ ಇನ್ನೊಂದು. ರೊಟ್ಟಿಗೆಂದು ಸಾಲಿನಲ್ಲಿ ನಿಂತವರು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಕೈಯಲ್ಲಿದ್ದದ್ದು ರೊಟ್ಟಿಯ ಚೂರಿಗೂ ಸಾಲದು. ಹೊಸ ಚಿತ್ರ ಬರೆಸಲು ಪುರಸಭೆಗೆ ಪುರುಸೊತ್ತೆಲ್ಲಿ? ಹಳೆಯ ಅಚ್ಚನ್ನೇ ಹೊರತೆಗೆದು, ಮೇಲೆ ಕೆಂಪು ಮಸಿಯಲ್ಲಿ ಹೊಸ ಅಂಕಿ ಒತ್ತಿದರು. ಡೆಟ್ಮರಮ್ಮ ಬೇಸಿಗೆಯಲ್ಲಿ ಐವತ್ತು ಸಾವಿರವಾದಳು, ಆಗಸ್ಟಿನಲ್ಲಿ ಐವತ್ತು ಲಕ್ಷ, ಅಕ್ಟೋಬರಿನಲ್ಲಿ ಐನೂರು ಕೋಟಿ. ಅಂಕಿ ಮೊದಲು ಅವಳ ಎದೆಯ ಮೇಲಿತ್ತು, ಸೊನ್ನೆಗಳು ಹೆಚ್ಚಿದಂತೆ ತೋಳಿನ ಮೇಲೆ ಹರಿದು ಕೋಟೆಗೋಡೆಯನ್ನೂ ದಾಟಿತು. ಅಂಕಿ ಬೆಳೆದಷ್ಟೂ ಅವಳು ಅಗ್ಗವಾದಳು.

"ಡೆಟ್ಮರಮ್ಮ, ಇವತ್ತು ಎಷ್ಟು ನೀವು?" ಎಂದು ಗಾಡಿಯವರು ಕೆಣಕುತ್ತಿದ್ದರು.

"ನಿನಗಿಂತ ಜಾಸ್ತಿ ಕಣೋ. ನಿನ್ನನ್ನ ನಿನ್ ಹೆಂಡ್ತಿ ಬಿಟ್ಟಿಯಾಗಿ ಕಟ್ಕೊಂಡ್ಲು, ಅದೂ ನಷ್ಟ ಅಂತ ಈಗ ಹೇಳ್ತಾ ಇದಾಳೆ," ಎಂದು ಅವಳು ತಿರುಗಿ ಕೊಡುತ್ತಿದ್ದಳು.

ವ್ಯಾಪಾರವನ್ನು ಅವಳು ಆಗಲೇ ನೋಟಿನಿಂದ ಬಿಡಿಸಿಕೊಂಡಿದ್ದಳು. ಹಳ್ಳಿಯ ಹೆಂಗಸರು ಮೊಟ್ಟೆ, ಹಂದಿಕೊಬ್ಬು, ಬೀಟ್‌ಗಡ್ಡೆಯ ಕಾಕಂಬಿ ತಂದು ಮೀನು ಒಯ್ಯುತ್ತಿದ್ದರು. ಅದನ್ನೆಲ್ಲ ಅವಳು ಸ್ಟೇಷನ್ನಿಗೆ ಒಯ್ದು, ಬಂದರಿನಿಂದ ಪೀಪಾಯಿ ತರುವ ಏಜೆಂಟನಿಗೆ ಕೊಟ್ಟು ಹೊಸ ಪೀಪಾಯಿ ಇಳಿಸಿಕೊಳ್ಳುತ್ತಿದ್ದಳು. ಹೇಗೋ ನಡೆಯುತ್ತಿತ್ತು. ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ, ಆ ದನದ ದಲ್ಲಾಳಿ ಬರದಿದ್ದರೆ.

ಯಾವುದೋ ಬೇರೆ ಊರಿನವನು. ದಪ್ಪ ಕೋಟು, ಅದಕ್ಕಿಂತ ದಪ್ಪ ಕತ್ತು. ಶನಿವಾರ ತುಂಬಿದ ಸಂತೆಯಲ್ಲಿ ಅವಳ ಪೀಪಾಯಿಯ ಎದುರಿಗೇ ನಿಂತು ಬಾಯಿಗೆ ಚುಟ್ಟಾ ಇಟ್ಟುಕೊಂಡ. ಜೇಬಿನಿಂದ ಅವಳ ನೋಟನ್ನು ತೆಗೆದು, ಉದ್ದಕ್ಕೆ ಸುರುಳಿ ಮಾಡಿ, ಬೆಂಕಿ ಹಚ್ಚಿ, ಅದರಿಂದ ಚುಟ್ಟಾ ಹೊತ್ತಿಸಿಕೊಂಡ.

"ಬೆಂಕಿಪೊಟ್ಟಣಕ್ಕಿಂತ ನೀನೇ ಅಗ್ಗ ಕಣಮ್ಮ," ಎಂದ.

ಸುತ್ತಲಿದ್ದವರು ನಕ್ಕರು. ಅವಳ ಗಿರಾಕಿಗಳೂ ನಕ್ಕರು. ಡೆಟ್ಮರಮ್ಮ ಮಾತ್ರ ಆ ಕಾಗದವನ್ನೇ ನೋಡುತ್ತಿದ್ದಳು. ಮೊದಲು ಕೋಟೆಗೋಡೆ ಕರ್ರಗಾಯಿತು, ಆಮೇಲೆ ಸೊಂಟ, ಆಮೇಲೆ ದವಡೆ ಮುದುಡಿತು. ಅವಮಾನವೆಂದರೆ ಅವಮಾನವೇ, ಅದಕ್ಕೆ ಬೇರೆ ಹೆಸರಿಲ್ಲ. ಕಣ್ಣಿಗೆ ಕತ್ತಲೆ ಕಟ್ಟಿತು, ಬಲಗೈ ಪಕ್ಕದ ಕಲ್ಲಿನ ಮೇಲೆ ಪಟಾರನೆ ಬಿತ್ತು.

"ಕೇಳ್ರಪ್ಪೋ ಎಲ್ಲಾರೂ! ಈ ಮುಖ ಯಾರ್ ತಂದ್ರೂ ಒಂದ್ ಮೀನು! ಅಂಕಿ ನಾನ್ ನೋಡಲ್ಲ, ಐವತ್ತು ಫೆನಿಗ್ ಇರ್ಲಿ, ಐನೂರು ಕೋಟಿ ಇರ್ಲಿ! ಒಂದ್ ಡೆಟ್ಮರಮ್ಮ, ಒಂದ್ ಮೀನು!"

ಸ್ಟೇಷನ್ನಿನ ಕುದುರೆಗಳು ಖಂಡಿತ ಕೇಳಿಸಿಕೊಂಡಿರಬೇಕು. ಎಲ್ಲರೂ ಅವಳ ಮುಖ ಬಿಟ್ಟು ಕೈಯನ್ನು ನೋಡುತ್ತಿದ್ದರು.

"ಆಲ್ವಿನೆ," ಎಂದಳು ಮಿನ್ನಾ ಮೆಲ್ಲಗೆ, "ಕೈ ಎಲ್ಲಿಟ್ಟಿದೀಯ ನೋಡ್ಕೊಳ್ಳೇ."

ನೋಡಿಕೊಂಡಳು. ಕೈ ರೋಲಾಂಡನ ಪಾದದ ಮೇಲೆ ಇತ್ತು, ಐದೂ ಬೆರಳು ಅಗಲಿಸಿಕೊಂಡು. ಈ ವಾರ ಮಾತ್ರ ಎಂದಿರಲಿಲ್ಲ, ಮೀನು ಇರುವ ತನಕ ಎಂದೂ ಹೇಳಿರಲಿಲ್ಲ. ನಾಲಿಗೆ ಕಚ್ಚಿಕೊಂಡಳು, ಆದರೆ ಕೈ ತೆಗೆಯಲಿಲ್ಲ. ದಲ್ಲಾಳಿಯು ಬೆರಳಿಗೆ ಅಂಟಿದ ಬೂದಿಯನ್ನು ನೋಡುತ್ತ ನಿಂತಿದ್ದ. ಅವನು ಸುಟ್ಟದ್ದು ಒಂದು ಇಡೀ ಮೀನು ಎಂದು ಯಾರೋ ಹೇಳಿದರು. ಈ ಸಲ ಸಂತೆ ನಕ್ಕದ್ದು ಅವನನ್ನು ನೋಡಿ, ಅವನು ದನ ಕೊಳ್ಳದೆಯೇ ಹೊರಟುಹೋದ.

ಮೊದಲ ವಾರ ಜನ ಪೆಟ್ಟಿಗೆ, ದಿಂಬು, ಗಡಿಯಾರದ ಹಿಂಭಾಗ ಎಲ್ಲ ಹುಡುಕಿ ನೋಟು ತಂದರು. ಡೆಟ್ಮರಮ್ಮ ಹೇಳಿದಂತೆ ಒಂದೊಂದು ಮೀನು ಕೊಟ್ಟಳು, ಮನಸ್ಸಿನಲ್ಲೇ ಹಾಳಾದೆ ಎಂದುಕೊಂಡಳು. ಆಮೇಲೆ ಅವಳೂ ಎಣಿಸಿರದ ಒಂದು ಚಂದ ನಡೆಯಿತು. ಮೀನು ಖಂಡಿತ ಸಿಗುತ್ತದೆ ಎಂದು ಗೊತ್ತಾದ ಮೇಲೆ ಜನ ಮೀನಿಗೆ ಅವಸರ ಮಾಡುವುದನ್ನು ಬಿಟ್ಟರು. ಬೇಕಾದಾಗ ತಂದರಾಯಿತು, ನೋಟು ಜೇಬಿನಲ್ಲಿ ಇರಲಿ. ಮಿನ್ನಾ ಆ ನೋಟಿಗೆ ಆಲೂಗಡ್ಡೆ ಕೊಡತೊಡಗಿದಳು. ಕ್ಷೌರದವನು ಒಂದು ಡೆಟ್ಮರಮ್ಮನಿಗೆ ಒಂದು ತಲೆ ಎಂದು ಬೆಲೆ ಕಟ್ಟಿದ. ಗಡ್ಡವೂ ಬೇಕಾದರೆ ಮೇಲೊಂದು ಮೊಟ್ಟೆ. ಪುರಸಭೆ ಕಟ್ಟಡದ ನೋಟನ್ನು ಕಂತೆಗಟ್ಟಲೆ ಇಟ್ಟರೂ ಅವನು ಕತ್ತರಿ ಎತ್ತುತ್ತಿರಲಿಲ್ಲ. ಅವಳ ಹತ್ತಿರ ಬಂದ ನೋಟನ್ನು ಅವಳೂ ರೊಟ್ಟಿಗೆ, ಸೌದೆಗೆ ಕೊಡುತ್ತಿದ್ದಳು. ಬಂದಷ್ಟೂ ಹೋಗುತ್ತಿತ್ತು, ಪೀಪಾಯಿಗೆ ಪೆಟ್ಟಾಗಲಿಲ್ಲ. ಭಾನುವಾರ ಚರ್ಚಿನ ಕಾಣಿಕೆ ತಟ್ಟೆಯಲ್ಲಿ ಅವಳ ಮುಖ ಕಾಣಿಸಿದಾಗ ಪಾದ್ರಿಗಳು ಪ್ರಸಂಗವನ್ನು ಬೇಗ ಮುಗಿಸಿದರಂತೆ. ಅವರ ಮನೆಯಲ್ಲಿ ಆ ಮಧ್ಯಾಹ್ನ ಹೆರಿಂಗೂ ಬೇಯಿಸಿದ ಆಲೂಗಡ್ಡೆಯೂ ಇತ್ತೆಂದು ಮಿನ್ನಾ ಹೇಳಿದಳು.

"ಎರಡು ಡೆಟ್ಮರಮ್ಮ ಕೊಟ್ಟು ಬೂಟು ಹೊಲಿಸ್ಕೊಂಡೆ," "ಆಕೆ ನಾಲ್ಕು ಡೆಟ್ಮರಮ್ಮ ಕೇಳ್ತಾಳೆ, ದುಬಾರಿ" ಎಂಬ ಮಾತು ಬೀದಿಯಲ್ಲಿ ಕಿವಿಗೆ ಬಿದ್ದಾಗ ಡೆಟ್ಮರಮ್ಮ ಕತ್ತು ಎತ್ತಿ ನಡೆಯುತ್ತಿದ್ದಳು. ಹಾಗೆ ನಡೆಯಬಾರದು ಎಂದು ಯಾರು ತಾನೇ ಹೇಳಿಯಾರು? ದೇಶಕ್ಕೆ ದೇಶವೇ ಕಾಗದದಲ್ಲಿ ಮುಳುಗುತ್ತಿರುವಾಗ ಅವಳ ಮುಖವೊಂದು ತೇಲುತ್ತಿತ್ತು.

ಅದು ಪುರಸಭೆಯ ಖಜಾಂಚಿ ಎಡ್ಮುಂಡ್ ಜೀವರ್ಟನ ಕಣ್ಣಿಗೆ ಬೀಳದೆ ಇರುತ್ತದೆಯೇ? ನವೆಂಬರಿನ ಮೊದಲ ಶುಕ್ರವಾರ ಮಿನ್ನಾ ಏದುಸಿರು ಬಿಡುತ್ತ ಬಂದು ಒಂದು ನೋಟನ್ನು ಅವಳ ಮೂಗಿಗೇ ಹಿಡಿದಳು. ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಗ್ಯಾಸ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ತುಂಬುವವರಿಗೆ, ಬೀದಿ ಗುಡಿಸುವವರಿಗೆ, ಸ್ಮಶಾನದಲ್ಲಿ ಗುಂಡಿ ತೋಡುವವರಿಗೆ, ಎಲ್ಲರಿಗೂ ವಾರದ ಕೂಲಿಯನ್ನು ಡೆಟ್ಮರಮ್ಮನ ನೋಟಿನಲ್ಲೇ ಕೊಟ್ಟಿದ್ದಾರೆ, ಕಂತೆ ಕಂತೆ, ಎಂದಳು.

ಡೆಟ್ಮರಮ್ಮ ಮೀನಿನ ಏಪ್ರನ್ನಿನಲ್ಲೇ ಪುರಸಭೆಯ ಮೆಟ್ಟಿಲು ಹತ್ತಿದಳು. ಖಜಾಂಚಿ ಉದ್ದನೆಯ ಒಣಕಲು ಮನುಷ್ಯ. ಸವೆದ ಕಾಲರನ್ನು ಮಗುಚಿ ಹೊಲಿಸಿಕೊಂಡಿದ್ದ. ಒಳ್ಳೆಯವನೋ ಕೆಟ್ಟವನೋ ಎಂದು ಊರು ಇನ್ನೂ ತೀರ್ಮಾನಿಸಿರಲಿಲ್ಲ, ಏಕೆಂದರೆ ಅವನು ಯಾರೊಂದಿಗೂ ಎರಡು ಮಾತಿನ ಮೇಲೆ ಆಡುತ್ತಿರಲಿಲ್ಲ.

"ಖಜಾಂಚಿಗಳೇ, ನನ್ನನ್ನ ಅಚ್ಚು ಹಾಕೋಕೆ ಮುಂಚೆ ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ನೋಟಿನ ಮೇಲಿರೋದು ನೀವಲ್ಲ ಡೆಟ್ಮರಮ್ಮ. ಸ್ವೀಡನ್ ದಂಡನ್ನ ಓಡಿಸಿದ ಹೆಂಗಸು. ಪುರಸಭೆ ಠರಾವಿನಲ್ಲಿ ಹಾಗೇ ಇದೆ."

"ಹೌದಾ? ಹಾಗಾದ್ರೆ ನಿಮ್ಮ ಕೂಲಿಯವರನ್ನ ಸ್ಮಶಾನಕ್ಕೆ ಕಳಿಸಿ. ಆಯಮ್ಮನೇ ಎದ್ದು ಬಂದು ಮೀನು ಕೊಡ್ತಾಳೆ."

ಜೀವರ್ಟ್ ಲೇಖನಿ ಕೆಳಗಿಟ್ಟ. "ಬೇರೆ ನೋಟು ಕೊಟ್ರೆ ನನ್ನ ಮುಖಕ್ಕೆ ಎಸೀತಾರೆ. ಕಾರ್ಖಾನೆಯವರು ಕೆಲಸ ಬಿಟ್ರೆ ಆಸ್ಪತ್ರೇಲಿ ಗ್ಯಾಸ್ ದೀಪ ಹೋಗುತ್ತೆ. ನನ್ನ ಹತ್ರ ಏನಿದೆ ಹೇಳಿ? ಕಾಗದ ಇದೆ, ಮಸಿ ಇದೆ. ನಿಮ್ಮ ನೋಟನ್ನ ಜನ ತಗೋತಾರೆ."

"ಪೀಪಾಯೀಲಿ ಮೀನಿದೆ ಅಂತ ತಗೋತಾರೆ! ಎಷ್ಟು ಹಾಕಿದ್ರಿ ಅಚ್ಚು?"

ಅವನು ಕಿಟಕಿಯ ಕಡೆ ನೋಡಿದ. "ಮಸಿ ಮುಗಿಯೋವರೆಗೆ ಹಾಕಿದ್ರು."

ಸ್ವೀಡನ್ನಿನ ದಂಡನ್ನು ಓಡಿಸಿದ ಹೆಂಗಸಿಗೂ ಆ ಕೋಣೆಯಲ್ಲಿ ಮಾತು ಸಿಗುತ್ತಿರಲಿಲ್ಲ. ಮೆಟ್ಟಿಲು ಇಳಿಯುತ್ತ ಲೆಕ್ಕ ಹಾಕಿದಳು. ಎರಡು ಪೀಪಾಯಿ ಮೀನು ಇತ್ತು ಅವಳ ಹತ್ತಿರ, ಇನ್ನೊಂದು ಪೀಪಾಯಿ ಕೊಳ್ಳುವಷ್ಟು ಮೊಟ್ಟೆಯೂ ಕೊಬ್ಬೂ ಇರಲಿಲ್ಲ.

"ನಾಳೆ ಬೆಳಿಗ್ಗೆ ಮೊದಲು ಹೋಗಿ ಮಾತು ವಾಪಸ್ ತಗೊಂಡ್ಬಿಡು," ಎಂದಳು ಮಿನ್ನಾ. "ಇಲ್ಲಾ, ಹೊಸಾ ನೋಟಿಗೆ ಮೀನಿಲ್ಲ ಅನ್ನು. ಯಾರೂ ತಪ್ಪು ತಿಳ್ಕೊಳಲ್ಲ ಕಣೇ."

"ಹೊಸಾದು ಹಳೇದು ಅಂತ ನಾನು ಕೂಗಿದ್ನಾ?"

"ಜಾಗ ಹೋಗುತ್ತೆ ಅಂತ ತಾನೇ ನಿನ್ ಹೆದರಿಕೆ? ಮೀನು ಮುಗಿದು ಇಲ್ಲ ಅಂದ್ರೂ ಹೋಗುತ್ತಲ್ಲೇ!"

"ಹೋಗುತ್ತೆ," ಎಂದಳು ಡೆಟ್ಮರಮ್ಮ. "ಆದರೆ ಆ ಕಲ್ಲಿದ್ದಲಿನವರು ವಾರವೆಲ್ಲಾ ದುಡಿದಿದಾರಲ್ಲೇ ಮಿನ್ನಾ. ಅಚ್ಚು ಹಾಕ್ದೋರು ಅವರಲ್ವಲ್ಲ."

ಅವಳಿಗೆ ಜಾಗದ ಆಸೆ ಇರಲಿಲ್ಲವೆಂದಲ್ಲ. ತಾಯಿ, ಅಜ್ಜಿ ನಿಂತ ಜಾಗ ಅದು. ಅದನ್ನು ಬಿಟ್ಟು ಚರ್ಮದ ವಾಸನೆಯ ನಡುವೆ ನಿಂತು ಕೂಗುವುದನ್ನು ನೆನೆಸಿಕೊಂಡರೇ ಮೂಗು ಮುಚ್ಚಿಕೊಳ್ಳುವಂತಾಗುತ್ತಿತ್ತು. ಶನಿವಾರ ಬೆಳಿಗ್ಗೆ ತಲೆಗೆ ಒಗೆದ ವಸ್ತ್ರ ಕಟ್ಟಿಕೊಂಡು, ತಾಯಿಯ ಹಳೆಯ ಮೀನಿನ ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋದಳು.

ಸಾಲು ಆಗಲೇ ರೋಲಾಂಡನಿಂದ ಔಷಧದಂಗಡಿ ದಾಟಿ ಚರ್ಚಿನ ಬಾಗಿಲಿಗೆ ಮುಟ್ಟಿತ್ತು. ಕಲ್ಲಿದ್ದಲಿನ ಕಪ್ಪು ಹತ್ತಿದ ಕೈಗಳಲ್ಲಿ ಅವಳ ಮುಖ. ಅವಳ ಮುಖ ಎಷ್ಟು ಕಡೆ! ಅಷ್ಟೊಂದು ಬಾಯಿ ಒಟ್ಟಿಗೇ ತೆರೆದುಕೊಂಡು ತನ್ನನ್ನೇ ಬಯ್ಯುತ್ತಿರುವಂತೆ ಅವಳಿಗೆ ಕಂಡಿತು. ಒಬ್ಬೊಬ್ಬರು ಕೈತುಂಬ ತಂದಿದ್ದರು. ಡೆಟ್ಮರಮ್ಮ ಪೀಪಾಯಿಯ ಮೇಲೆ ಬಡಿದಳು.

"ನೋಡ್ರಪ್ಪಾ, ಇವತ್ತು ಆಳಿಗೆ ಒಂದು. ಉಳಿದ ನೋಟು ಮುಂದಿನ ಸಂತೆಗೆ. ಮಾತು ತಿರುಗಿಸ್ತಾ ಇಲ್ಲ ನಾನು, ಎಲ್ಲಾರಿಗೂ ಒಂದೊಂದಾದ್ರೂ ಸಿಗ್ಲಿ ಅಂತ. ಒಪ್ಪಿಗೇನಾ?"

ಗೊಣಗಿದರು, ಒಪ್ಪಿದರು. ಅವಳು ಕೊಡತೊಡಗಿದಳು. ಸಣ್ಣದನ್ನು ಆರಿಸಿ ಕೊಡಬಹುದಿತ್ತು, ಕೊಡಲಿಲ್ಲ; ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಟ್ಟಳು. ಎಂದಿನಂತೆ ಬಾಯಿಯೂ ನಡೆಯುತ್ತಿತ್ತು. ಕುಡುಕನಿಗೆ "ಇದನ್ನ ಬಿಯರ್ ಅಂಗಡೀಲಿ ಈಜಿಸಬೇಡ" ಎಂದಳು, ಗುಂಡಿ ತೋಡುವವನಿಗೆ "ನನ್ನ ಗುಂಡಿ ಸ್ವಲ್ಪ ಅಗಲ ಇರ್ಲಪ್ಪಾ" ಎಂದಳು. ಮೊದಲ ಪೀಪಾಯಿ ಖಾಲಿಯಾಯಿತು. ಎರಡನೆಯದರಲ್ಲಿ ಕೈ ಮೊದಲು ಮೊಣಕೈವರೆಗೆ ಇಳಿಯುತ್ತಿತ್ತು, ಆಮೇಲೆ ಭುಜದವರೆಗೆ, ಆಮೇಲೆ ತಲೆಯನ್ನೇ ಒಳಗೆ ಹಾಕಿ ತಡಕಬೇಕಾಯಿತು. ಮಾತು ಕಡಿಮೆಯಾಗುತ್ತ ಬಂತು. ಕೊನೆಗೆ ತಳದಲ್ಲಿ ಬೆರಳಿಗೆ ತಗುಲಿದ್ದು ಒಂದೇ ಒಂದು ಮೀನು.

ಅದನ್ನು ಹಿಡಿದು ತಲೆ ಎತ್ತಿದರೆ ಎದುರಿಗೆ ನಿಂತಿದ್ದವನು ಖಜಾಂಚಿ ಜೀವರ್ಟ್. ಕೋಟಿನ ಕಾಲರನ್ನು ಕಿವಿಯ ಮೇಲೆ ಎಳೆದುಕೊಂಡು, ಟೋಪಿಯನ್ನು ಹುಬ್ಬಿಗೆ ಇಳಿಸಿಕೊಂಡು, ಒಂದು ನೋಟು ಚಾಚಿದ್ದ. ಸಾಲಿನಲ್ಲಿ ನುಗ್ಗಿರಲಿಲ್ಲ, ಬೆಳಗಿನಿಂದ ನಿಂತು ಸರದಿಯಲ್ಲೇ ಬಂದಿದ್ದ. ಅವನ ಹಿಂದೆ, ಕಲ್ಲಿದ್ದಲು ತುಂಬುವವನ ಹೆಂಡತಿ ಎರ್ನಾ ಬ್ಯೂಟ್ನರ್, ಗಂಡನ ವಾರದ ಕೂಲಿಯನ್ನೆಲ್ಲ ಮುಷ್ಟಿಯಲ್ಲಿ ಹಿಡಿದು. ಅವಳ ಹಿಂದೆ ಇನ್ನೂ ಅರ್ಧ ಸಾಲು.

"ಇವನಿಗೂ ಬೇಕಂತೆ ನೋಡ್ರೋ!" ಎಂದು ಯಾರೋ ಕೂಗಿದರು. "ಕೊಡಬೇಡಿ ಡೆಟ್ಮರಮ್ಮ! ಮಸಿ ಕುಡೀಲಿ ಅವನು!"

"ಆ ಮೀನನ್ನೇ ತಗೊಂಡು ಕೆನ್ನೆಗೆ ಬಾರಿಸೇ ಆಲ್ವಿನೆ!" ಇದು ಮಿನ್ನಾ.

"ನನ್ನ ಸಂಬಳಾನೂ ಇದರಲ್ಲೇ ಬಂತು," ಎಂದ ಜೀವರ್ಟ್, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಅವನ ಕೈ ಚಳಿಗೆ ನೀಲಿಗಟ್ಟಿತ್ತು.

ಡೆಟ್ಮರಮ್ಮನಿಗೆ ನಿಜವಾಗಿಯೂ ಬಾರಿಸಬೇಕೆನಿಸಿತ್ತು. ಆ ಮೀನನ್ನು ಎರ್ನಾಳ ಕೈಗಿಟ್ಟು ಇವನನ್ನು ಅಟ್ಟಿದ್ದರೆ ಸಂತೆಯೆಲ್ಲ ಚಪ್ಪಾಳೆ ಹೊಡೆಯುತ್ತಿತ್ತು. ನೋಟು ತೆಗೆದುಕೊಂಡಳು. ಅದರ ಮೇಲಿನ ಮುಖ ನೋಡಿದಳು, ಅವನ ಮುಖ ನೋಡಿದಳು. ಮೀನಿನ ಉಪ್ಪುನೀರು ಕೊಡವಿ ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು.

"ಏನಮ್ಮಾ ಇದು!" ಎಂದು ಸಾಲು ಹುಯಿಲಿಟ್ಟಿತು.

"ಮುಖ ನನ್ನದು ಕಣ್ರೋ," ಎಂದಳು. "ಕೈ ಯಾರದಾದ್ರೆ ನನಗೇನು?"

ಆಮೇಲೆ ಪೀಪಾಯಿಯನ್ನು ಬಗ್ಗಿಸಿದಳು. ಉಪ್ಪುನೀರು ಕಲ್ಲುಹಾಸಿನ ಮೇಲೆ ಹರಿದು ಎರ್ನಾಳ ಬೂಟಿನ ತುದಿ ನೆನೆಯಿತು.

"ಮೀನು ಮುಗೀತು. ಇಲ್ಲ ನನ್ನ ಹತ್ರ. ಕಟ್ಟಳೆ ಏನು ಅಂತ ನಿಮಗೆಲ್ಲಾ ಗೊತ್ತು. ಜಾಗ ಬಿಡು ಅಂದ್ರೆ ಬಿಡ್ತೀನಿ."

ಅವಳ ಗಂಟಲು ಅಷ್ಟು ಮೆತ್ತಗಾದದ್ದನ್ನು ಆ ಸಂತೆ ಎಂದೂ ಕೇಳಿರಲಿಲ್ಲ. ಎರ್ನಾ ಬ್ಯೂಟ್ನರ್ ಖಾಲಿ ಪೀಪಾಯಿಯನ್ನು ನೋಡಿದಳು, ಖಜಾಂಚಿಯ ಕೈಯಲ್ಲಿದ್ದ ಪೊಟ್ಟಣವನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು.

"ಮುಂದಿನ ಪೀಪಾಯಿ ಯಾವಾಗ ಬರುತ್ತೆ?"

"ಮಂಗಳವಾರದ ಸಂತೆಗೆ," ಎಂದಳು ಡೆಟ್ಮರಮ್ಮ. ಎಲ್ಲಿಂದ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಸರಿ ಹಾಗಾದ್ರೆ, ಮಂಗಳವಾರ ಬರ್ತೀನಿ." ಎರ್ನಾ ನೋಟುಗಳನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಹಿಂದಿನವರ ಕಡೆ ತಿರುಗಿ, "ಏನ್ ಬಾಯ್ ಬಿಟ್ಕೊಂಡ್ ನಿಂತಿದೀರಿ? ಇವನಿಗೇ ಕೊಟ್ಟೋಳು ನಮಗೆ ಕೊಡಲ್ವಾ? ನಡೀರಿ ಮನೆಗೆ," ಎಂದಳು.

ಗಂಡಸೊಬ್ಬ ನೋಟನ್ನು ಟೋಪಿಯ ಒಳಪದರಕ್ಕೆ ಸಿಕ್ಕಿಸಿಕೊಂಡ. ಇನ್ನೊಬ್ಬ ಜೇಬು ತಟ್ಟಿಕೊಂಡ. ಸಾಲು ಹಿಂದಿನಿಂದ ಕರಗತೊಡಗಿತು. ಹೋಗುವವರಲ್ಲಿ ಒಬ್ಬರೂ ನೋಟನ್ನು ಎಸೆಯಲಿಲ್ಲ, ಒಬ್ಬರೂ ಜಾಗದ ಮಾತು ಎತ್ತಲಿಲ್ಲ. ಒಬ್ಬ ಗುಡಿಸುವವನು ಅಲ್ಲಿಂದ ಸೀದಾ ಕ್ಷೌರದಂಗಡಿಗೆ ಹೋದ, ಕ್ಷೌರದವನು ನೋಟು ತೆಗೆದುಕೊಂಡು ಕುರ್ಚಿ ಒರೆಸಿದ. ಡೆಟ್ಮರಮ್ಮ ಮಗುಚಿದ ಪೀಪಾಯಿಯ ಮೇಲೆ ಕುಳಿತು, ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಗಂಡ ಸತ್ತ ತಂತಿ ಬಂದಾಗ ಅತ್ತಿದ್ದೇ, ಆಮೇಲೆ ಇದೇ.

"ಮಂಗಳವಾರ ಅಂದ್ಬಿಟ್ಟೆಯಲ್ಲೇ," ಎಂದಳು ಮಿನ್ನಾ ಅವಳ ಬೆನ್ನು ಸವರುತ್ತ, "ಎಲ್ಲಿಂದ ತರ್ತೀಯ?"

"ಗೊತ್ತಿಲ್ಲ ಕಣೇ."

ಜೀವರ್ಟ್ ಇನ್ನೂ ಹೋಗಿರಲಿಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ರೋಲಾಂಡನ ಪಕ್ಕದಲ್ಲೇ ನಿಂತಿದ್ದ.

"ಎಷ್ಟು ಪೀಪಾಯಿ ಬೇಕಾಗುತ್ತೆ ಡೆಟ್ಮರಮ್ಮ?"

"ನೀವು ಹಾಕಿದ ಅಚ್ಚಿಗೆ ಎಷ್ಟು ಬೇಕೋ ಅಷ್ಟು. ನನ್ನ ಕೇಳ್ತೀರಲ್ಲ!"

"ಕೇಳ್ಬೇಕಾಗಿತ್ತು," ಎಂದ ಅವನು. ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಪುರಸಭೆಯ ಕಡೆಗೆ ಹೋಗದೆ ಸ್ಟೇಷನ್ ರಸ್ತೆ ಹಿಡಿದ.

ಆಮೇಲಿನದನ್ನು ಊರಿಗೆ ಹೇಳಿದವನು ಪುರಸಭೆಯ ಜವಾನ. ಊರ ಹಿಂದಿನ ಗುಡ್ಡದಲ್ಲಿ ಪುರಸಭೆಗೆ ಸೇರಿದ ಓಕ್ ಮರಗಳಿದ್ದವು. ಯಾವ ಕಾಲದಲ್ಲೋ ಯಾವನೋ ರಾಜಕುಮಾರ ಅಲ್ಲಿ ಬೇಟೆಯಾಡಿ ಊಟಕ್ಕೆ ಕುಳಿತಿದ್ದನೆಂದು ಸದಸ್ಯರು ಒಂದು ಕೊಂಬೆಯನ್ನೂ ಕಡಿಯಗೊಡುತ್ತಿರಲಿಲ್ಲ. ಬಂದರಿನ ಏಜೆಂಟನಿಗೆ ಬೇಕಾಗಿದ್ದದ್ದು ಪೀಪಾಯಿಯ ಹಲಗೆಗೆ ಒಳ್ಳೆಯ ಓಕ್. ಮರಕ್ಕೆ ಬದಲು ಮೀನು ಕೊಡುತ್ತೇನೆಂದು ಜೀವರ್ಟನಿಗೆ ಅವನು ಮಾತು ಕೊಟ್ಟಿದ್ದ. ಎರಡು ಮಾತಿನ ಮೇಲೆ ಆಡದ ಖಜಾಂಚಿ ಭಾನುವಾರ ಚರ್ಚಿನಿಂದ ಬಂದ ಸದಸ್ಯರನ್ನು ಹಾಗೇ ಕೂರಿಸಿಕೊಂಡು, ಊಟಕ್ಕೂ ಬಿಡದೆ, ಮೇಜು ಗುದ್ದಿ ಗುದ್ದಿ ಮಾತಾಡಿದನಂತೆ. ಅಚ್ಚುಮನೆಗೆ ಬೀಗ ಹಾಕಿಸಿ ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದನಂತೆ. ಸೋಮವಾರ ಗುಡ್ಡದಿಂದ ಕೊಡಲಿಯ ಸದ್ದು ಊರಿಗೆಲ್ಲ ಕೇಳಿಸಿತು, ಕಡಿಯಲು ಹೋದವರಲ್ಲಿ ಎರ್ನಾಳ ಗಂಡನೂ ಇದ್ದ.

ಮಂಗಳವಾರ ಮಂಜು ಇನ್ನೂ ಬಿಟ್ಟಿರಲಿಲ್ಲ. ಪುರಸಭೆಯ ಗಾಡಿ ಸ್ಟೇಷನ್ ಕಡೆಯಿಂದ ಬಂದು ಚೌಕದಲ್ಲಿ ನಿಂತಿತು. ಪೀಪಾಯಿಗಳನ್ನು ಉರುಳಿಸಿ ಇಳಿಸಿದರು, ರೋಲಾಂಡನ ಸುತ್ತ ನಿಲ್ಲಿಸಲು ಜಾಗ ಸಾಲದೆ ಮಿನ್ನಾ ತನ್ನ ಆಲೂಗಡ್ಡೆ ಚೀಲಗಳನ್ನು ಬಯ್ದುಕೊಂಡೇ ಸರಿಸಿಕೊಂಡಳು. ಡೆಟ್ಮರಮ್ಮ ಮೊದಲ ಮುಚ್ಚಳ ಎಬ್ಬಿಸಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು. ಗಂಟಲು ವಾಪಸು ಬಂದಿತ್ತು. ಸಾಲಿನ ಮೊದಲಿಗೆ ಎರ್ನಾ ಇದ್ದಳು. ತೀರಾ ಕೊನೆಗೆ, ಬೇಕೆಂದೇ ಎಲ್ಲರನ್ನೂ ಮುಂದೆ ಬಿಟ್ಟು, ಜೀವರ್ಟ್ ನಿಂತಿದ್ದ. ಅವನ ಸರದಿ ಬರುವಷ್ಟರಲ್ಲಿ ಚರ್ಚಿನ ಮಧ್ಯಾಹ್ನದ ಗಂಟೆ ಹೊಡೆದಿತ್ತು. ನೋಟು ಚಾಚಿದ. ಡೆಟ್ಮರಮ್ಮ ಇನ್ನೊಂದು ಪೀಪಾಯಿಯ ಮುಚ್ಚಳ ತೆಗೆದು, ಮೊಣಕೈವರೆಗೆ ಮಾತ್ರ ತೋಳು ಇಳಿಸಿ, ಅವನಿಗೊಂದು ಮೀನು ತೆಗೆದುಕೊಟ್ಟಳು.